ಕಂಟೇನರ್ ಪುಟ್ಟ ಕಂಪ್ಯೂಟರ್ ಅಲ್ಲ

ಫೆಡೋರಾ ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಡಾಕರ್ ಹಾಕಿಕೊಂಡು, ಉಬುಂಟು ಇಮೇಜ್‌ನಿಂದ ಒಂದು ಕಂಟೇನರ್ ಶುರುಮಾಡಿ. ಒಳಗೆ ಹೋಗಿ, ಆಪರೇಟಿಂಗ್ ಸಿಸ್ಟಮ್‌ನ ಹೆಸರಿರುವ ಫೈಲನ್ನು ತೆರೆದರೆ ಉಬುಂಟು ಎಂದೇ ಬರೆದಿರುತ್ತದೆ. ಉಬುಂಟುವಿನ ಫೋಲ್ಡರ್‌ಗಳು, ಉಬುಂಟುವಿನ ಲೈಬ್ರರಿಗಳು, ಪ್ಯಾಕೇಜ್ ಹಾಕಿಕೊಳ್ಳಲು ಅದರದೇ ಆಪ್ಟ್, ಎಲ್ಲವೂ ಇರುತ್ತವೆ. ಈಗ ಯುನೇಮ್ ಆಜ್ಞೆ ಕೊಟ್ಟು ಕರ್ನಲ್‌ನ ಆವೃತ್ತಿಯನ್ನು ಕೇಳಿ. ಉತ್ತರವಾಗಿ ಬರುವುದು ಫೆಡೋರಾದ ಕರ್ನಲ್! ಇನ್ನೊಂದು ಟರ್ಮಿನಲ್‌ ತೆರೆದು, ಕಂಟೇನರ್‌ನ ಹೊರಗಿನಿಂದ ಲ್ಯಾಪ್‌ಟಾಪಿನ ಪ್ರೋಸೆಸ್‌ಗಳ ಪಟ್ಟಿಯನ್ನು ನೋಡಿ. ಕಂಟೇನರ್‌ನ ಒಳಗೆ 1ನೇ ಸಂಖ್ಯೆಯ ಪ್ರೋಸೆಸ್ ಆಗಿದ್ದ ಶೆಲ್, ಇಲ್ಲಿ ಯಾವುದೋ ಐದಂಕಿಯ ಸಂಖ್ಯೆಯೊಂದಿಗೆ ಬ್ರೌಸರ್, ಎಡಿಟರ್‌ಗಳ ನಡುವೆ ಮಾಮೂಲಿ ಸಾಲಾಗಿ ಇರುತ್ತದೆ. ಆ ಸಂಖ್ಯೆ ಹಿಡಿದು ಅದನ್ನು ಕೊಂದರೆ ಕಂಟೇನರ್ ಕಥೆ ಅಲ್ಲಿಗೆ ಮುಗಿಯಿತು.

ಅದೇ ಲ್ಯಾಪ್‌ಟಾಪಿನಲ್ಲಿ ಉಬುಂಟುವನ್ನು ವರ್ಚುವಲ್ ಮಷಿನ್ (ವಿಎಂ) ಆಗಿ ಓಡಿಸಿದರೆ ಚಿತ್ರ ಬೇರೆ. ಒಳಗೆ ಕೇಳಿದಾಗ ಉಬುಂಟುವಿನದೇ ಕರ್ನಲ್ ಉತ್ತರ ಕೊಡುತ್ತದೆ. ಹೊರಗಿನ ಪಟ್ಟಿಯಲ್ಲಿ ಒಳಗಿನ ಪ್ರೋಸೆಸ್ ಒಂದೂ ಕಾಣುವುದಿಲ್ಲ. ಕೆಮು ಎಂಬ ಒಂದು ದೊಡ್ಡ ಪ್ರೋಸೆಸ್ ಕಾಣುತ್ತದೆ, ಅಷ್ಟೇ. ಅದರ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದು ಫೆಡೋರಾಕ್ಕೆ ಗೊತ್ತಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಸಂದರ್ಶನಗಳಲ್ಲಿ ಕಂಟೇನರ್‌ಗೂ ವಿಎಂಗೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಹಳೆಯದಾಯಿತು. 'ಕಂಟೇನರ್ ಹಗುರ, ವಿಎಂ ಭಾರ' ಎಂಬ ಉತ್ತರವೂ ಬಾಯಿಪಾಠವಾಗಿದೆ. ಉತ್ತರ ತಪ್ಪಲ್ಲ. ಆದರೆ ಯಾಕೆ ಹಗುರ, ಹಗುರವಾಗಲು ಏನನ್ನು ಬಿಟ್ಟುಕೊಟ್ಟಿದೆ ಎಂಬುದು ಅದರಲ್ಲಿ ಇಲ್ಲ. ಪಾಠದ ಸ್ಲೈಡ್‌ಗಳಲ್ಲಿ ಬರುವ ಜೋಡಿ ಚಿತ್ರವೂ ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಒಂದು ಕಡೆ ಹಾರ್ಡ್‌ವೇರ್ ಮೇಲೆ ವಿಎಂಗಳನ್ನು ಓಡಿಸುವ ಹೈಪರ್‌ವೈಸರ್ ಎಂಬ ತಂತ್ರಾಂಶ, ಅದರ ಮೇಲೆ ವಿಎಂಗಳು; ಇನ್ನೊಂದು ಕಡೆ ಆಪರೇಟಿಂಗ್ ಸಿಸ್ಟಮ್ ಮೇಲೆ ಡಾಕರ್, ಅದರ ಮೇಲೆ ಕಂಟೇನರ್‌ಗಳು. ಇದನ್ನು ನೋಡಿದವರಿಗೆ ಡಾಕರ್ ಎಂದರೆ ಹೈಪರ್‌ವೈಸರ್‌ನ ತಮ್ಮನೇನೋ ಅನಿಸುತ್ತದೆ. ನಿಜದಲ್ಲಿ ಡಾಕರ್ ಕೆಲಸ ಮಾಡುವುದು ಕಂಟೇನರ್ ಹುಟ್ಟುವಾಗ ಮತ್ತು ಸಾಯುವಾಗ. ನಡುವೆ ನಿಮ್ಮ ಪ್ರೋಗ್ರಾಂ ಫೈಲ್ ತೆರೆದರೂ, ಮೆಮೊರಿ ಕೇಳಿದರೂ, ನೆಟ್‌ವರ್ಕ್‌ಗೆ ಏನಾದರೂ ಕಳಿಸಿದರೂ ಆ ಕೋರಿಕೆ ನೇರವಾಗಿ ಕರ್ನಲ್‌ಗೇ ಹೋಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ಯಾವ ಗೊಂದಲ ಬಂದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಕರ್ನಲ್ ಯಾರದ್ದು?

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳನ್ನು ಮುಟ್ಟುವ ಅಧಿಕಾರ ಇರುವುದು ಅದಕ್ಕೆ ಮಾತ್ರ. ಉಳಿದ ಪ್ರೋಗ್ರಾಂಗಳು ಸಿಸ್ಟಮ್ ಕಾಲ್ ಎಂಬ ಕೋರಿಕೆಗಳ ಮೂಲಕ ಅದರ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುತ್ತವೆ. ಉಬುಂಟು, ಫೆಡೋರಾ, ಆಲ್ಪೈನ್ ಎಂದು ನಾವು ಬೇರೆ ಬೇರೆ ಹೆಸರಿಂದ ಕರೆಯುವವೆಲ್ಲ ಲಿನಕ್ಸ್ ಕರ್ನಲ್‌ನ ಸುತ್ತ ಜೋಡಿಸಿದ ಫೈಲುಗಳ ಬೇರೆ ಬೇರೆ ಕಟ್ಟುಗಳು. ಲಿನಕ್ಸ್ ಕರ್ನಲ್ ತನ್ನ ಸಿಸ್ಟಮ್ ಕಾಲ್‌ಗಳ ರೂಪವನ್ನು ಕೆಡಿಸದೆ ಕಾಪಾಡಿಕೊಂಡು ಬಂದಿರುವುದರಿಂದಲೇ, ಫೆಡೋರಾದ ಕರ್ನಲ್ ಮೇಲೆ ಉಬುಂಟುವಿನ ಫೈಲುಗಳು ತಕರಾರಿಲ್ಲದೆ ಓಡುತ್ತವೆ.

ಇಡೀ ಯಂತ್ರದ ವೇಷ

ಇಬ್ಬರಲ್ಲಿ ಹಿರಿಯ ವಿಎಂ. 1960ರ ದಶಕದ ನಡುವಿನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ಸಂಶೋಧನಾ ಕೇಂದ್ರದವರು ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದರು. ಒಂದು ಕಂಪ್ಯೂಟರ್ ಕೊಠಡಿ ತುಂಬ ಇರುತ್ತಿದ್ದ ಕಾಲ. ಅದನ್ನು ಹಲವರು ಒಟ್ಟಿಗೆ ಬಳಸಬೇಕಿತ್ತು. ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೇ ಎಂಬ ಭ್ರಮೆ ಕೊಟ್ಟರೆ, ಆ ಭ್ರಮೆಯ ಯಂತ್ರದ ಮೇಲೆ ಅವರವರು ತಮಗೆ ಬೇಕಾದ ಆಪರೇಟಿಂಗ್ ಸಿಸ್ಟಮ್ ಓಡಿಸಿಕೊಳ್ಳಬಹುದು ಎಂಬುದು ಅವರ ಉಪಾಯ. ಇದೇ ದಾರಿಯಲ್ಲಿ 1972ರಲ್ಲಿ ವಿಎಂ/370 ಎಂಬ ಉತ್ಪನ್ನ ಬಂತು.

ಆ ಭ್ರಮೆ ಹುಟ್ಟಿಸುವ ವಿಧಾನ ಹೀಗೆ. ಒಳಗಿನ ಆಪರೇಟಿಂಗ್ ಸಿಸ್ಟಮ್‌ನ ಸಾಮಾನ್ಯ ಲೆಕ್ಕಾಚಾರಗಳನ್ನೆಲ್ಲ ನಿಜವಾದ ಪ್ರೊಸೆಸರ್ ಮೇಲೇ, ಪೂರ್ತಿ ವೇಗದಲ್ಲಿ ಓಡಲು ಬಿಡುವುದು. ಅದು ಅಧಿಕಾರದ ಆದೇಶ ಕೊಡಲು ಹೊರಟಾಗ ಮಾತ್ರ, ಎಂದರೆ ಡಿಸ್ಕ್ ಮುಟ್ಟುವುದು, ಮೆಮೊರಿಯ ನಕ್ಷೆ ಬದಲಿಸುವುದು ಇಂಥವುಗಳಲ್ಲಿ, ಪ್ರೊಸೆಸರ್ ಅದನ್ನು ತಡೆದು ಹೈಪರ್‌ವೈಸರ್ ಕೈಗೆ ಒಪ್ಪಿಸಬೇಕು. ಹೈಪರ್‌ವೈಸರ್ ಆ ಕೆಲಸವನ್ನು ತಾನೇ ಬೇರೆ ರೀತಿಯಲ್ಲಿ ಮಾಡಿ, ಒಳಗಿನವನಿಗೆ 'ಆಯಿತು' ಎಂದು ಮರಳಿಸುತ್ತದೆ. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ಇದಕ್ಕೆ ಬೇಕಾದ ಷರತ್ತನ್ನು ಗಣಿತದ ಖಚಿತತೆಯಲ್ಲಿ ಬರೆದಿಟ್ಟರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಪ್ರತಿ ಆದೇಶವೂ ಅಧಿಕಾರವಿಲ್ಲದವರ ಕೈಯಲ್ಲಿ ಬಲೆಗೆ ಬೀಳಲೇಬೇಕು.

ನಮ್ಮ ಮೇಜಿನ ಮೇಲೆ ಬಂದ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳು ಈ ಷರತ್ತನ್ನು ಪಾಲಿಸುತ್ತಿರಲಿಲ್ಲ. ಅವುಗಳ 17 ಆದೇಶಗಳು ಬಲೆಗೆ ಬೀಳದೆ ಜಾರಿಕೊಳ್ಳುತ್ತಿದ್ದವು. ಪಾಪ್‌ಎಫ್ ಎಂಬ ಒಂದನ್ನು ನೋಡಿ. ಇಂಟರಪ್ಟ್‌ಗಳನ್ನು ನಿಲ್ಲಿಸಲು ಕರ್ನಲ್ ಅದನ್ನು ಬಳಸಬಹುದು. ಅಧಿಕಾರವಿಲ್ಲದ ಪ್ರೋಗ್ರಾಂ ಅದನ್ನು ಬಳಸಿದರೆ ಪ್ರೊಸೆಸರ್ ತಪ್ಪೆಂದೂ ಹೇಳುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಸುಮ್ಮನೆ ಮುಂದೆ ಹೋಗುತ್ತದೆ. ಹೈಪರ್‌ವೈಸರ್‌ಗೆ ಸುದ್ದಿ ತಲುಪಲಿಲ್ಲ. ವಿಎಂನಲ್ಲಿ ಅಧಿಕಾರವಿಲ್ಲದೆ ಓಡುತ್ತಿರುವ ಒಳಗಿನ ಕರ್ನಲ್, ಇಂಟರಪ್ಟ್ ನಿಂತಿತು ಎಂದು ನಂಬಿ ಮುಂದೆಲ್ಲೋ ಕುಸಿಯುತ್ತದೆ. 1999ರಲ್ಲಿ ವಿಎಂವೇರ್ ಇದಕ್ಕೆ ಕಂಡುಕೊಂಡ ಪರಿಹಾರ ನಿಜಕ್ಕೂ ಸಾಹಸದ್ದು. ಒಳಗಿನ ಕರ್ನಲ್ ಓಡುತ್ತಿರುವಾಗಲೇ ಅದರ ಯಂತ್ರಭಾಷೆಯನ್ನು ಓದುತ್ತ, ಇಂಥ ಆದೇಶಗಳನ್ನು ಆ ಕ್ಷಣದಲ್ಲೇ ಬೇರೆ ಆದೇಶಗಳಾಗಿ ತಿದ್ದಿ ಬರೆಯುವುದು! ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ 2003ರಲ್ಲಿ ಬಂದ ಜೆನ್ ಇನ್ನೊಂದು ದಾರಿ ಹಿಡಿಯಿತು. ತಾನು ಇರುವುದು ನಿಜವಾದ ಯಂತ್ರದ ಮೇಲಲ್ಲ ಎಂದು ಒಳಗಿನ ಕರ್ನಲ್‌ಗೇ ತಿಳಿಸಿ, ಅದನ್ನೇ ಮಾರ್ಪಡಿಸಿತು. ಕೊನೆಗೆ 2005 ಮತ್ತು 2006ರಲ್ಲಿ ಇಂಟೆಲ್, ಎಎಂಡಿ ಎರಡೂ ಪ್ರೊಸೆಸರ್‌ನಲ್ಲೇ ಬೆಂಬಲ ಕೊಟ್ಟವು. 2007ರಲ್ಲಿ ಕೆವಿಎಂ ಲಿನಕ್ಸ್‌ನ ಭಾಗವಾದ ಮೇಲೆ ಈ ಬೆಂಬಲವಿರುವ ಯಾವುದೇ ಲಿನಕ್ಸ್ ಯಂತ್ರ ಹೈಪರ್‌ವೈಸರ್ ಆಗುವಂತಾಯಿತು.

ಹಾರ್ಡ್‌ವೇರ್ ಬೆಂಬಲ ಬಂದ ಮೇಲೆ 'ವಿಎಂ ಎಂದರೆ ನಿಧಾನ' ಎಂಬ ಮಾತಿಗೆ ಹೆಚ್ಚು ಅರ್ಥ ಉಳಿದಿಲ್ಲ. ಬರಿಯ ಲೆಕ್ಕಾಚಾರದ ಕೆಲಸದಲ್ಲಿ ವಿಎಂ ನಿಜವಾದ ಯಂತ್ರದ ಹತ್ತಿರಹತ್ತಿರ ಓಡುತ್ತದೆ. ವೆಚ್ಚ ಇರುವುದು ಬೇರೆ ಕಡೆ. ಪ್ರತಿ ವಿಎಂಗೂ ಒಂದು ಪೂರ್ತಿ ಕರ್ನಲ್ ಮೆಮೊರಿಯಲ್ಲಿ ಕೂರಬೇಕು. ಅದು ಬೂಟ್ ಆಗಬೇಕು, ಸಾಧನಗಳನ್ನು ಗುರುತಿಸಬೇಕು, ಹತ್ತಾರು ಸೇವೆಗಳನ್ನು ಎಬ್ಬಿಸಬೇಕು. ಎರಡು ಜಿಬಿ ಮೆಮೊರಿ ಕೊಟ್ಟ ವಿಎಂ ಅದರಲ್ಲಿ ಅರ್ಧವನ್ನು ಬಳಸದೆ ಇದ್ದರೂ ಪಕ್ಕದ ವಿಎಂಗೆ ಅದು ಸುಲಭವಾಗಿ ಸಿಗುವುದಿಲ್ಲ. ಡಿಸ್ಕ್ ಇಮೇಜ್ ಹಲವು ಜಿಬಿ. ಇದಕ್ಕಿಂತ ದೊಡ್ಡ ಹೊರೆ ಮನುಷ್ಯರದ್ದು: ಪ್ರತಿ ವಿಎಂ ಒಂದು ಸ್ವತಂತ್ರ ಕಂಪ್ಯೂಟರ್ ಆಗಿರುವುದರಿಂದ ಅದಕ್ಕೆ ಅದರದೇ ಅಪ್‌ಡೇಟ್, ಅದರದೇ ಬಳಕೆದಾರರು, ಅದರದೇ ಲಾಗ್, ಅದರದೇ ಬೇನೆ.

ಕಣ್ಣಿಗೆ ಕಟ್ಟಿದ ಬೇಲಿ

ಕಂಟೇನರ್‌ನ ಮೂಲ ವಿಚಾರ ಇದಕ್ಕೆ ತಿರುವುಮುರುವು. ಹೊಸ ಯಂತ್ರವನ್ನು ತೋರಿಸುವ ಬದಲು, ಇರುವ ಯಂತ್ರದಲ್ಲಿ ಒಂದು ಪ್ರೋಸೆಸ್‌ಗೆ ಕಾಣುವುದನ್ನು ಕಡಿಮೆ ಮಾಡುವುದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದ ಚ್‌ರೂಟ್ ಈ ಜಾಡಿನ ಮೊದಲ ಹೆಜ್ಜೆ. ಒಂದು ಫೋಲ್ಡರನ್ನು ತೋರಿಸಿ, ಇದೇ ನಿನ್ನ ಪಾಲಿನ ಇಡೀ ಡಿಸ್ಕ್ ಎಂದು ಪ್ರೋಸೆಸ್‌ಗೆ ಹೇಳುವ ಸಿಸ್ಟಮ್ ಕಾಲ್ ಅದು. 2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್ ಅದನ್ನು ನೆಟ್‌ವರ್ಕ್, ಬಳಕೆದಾರರು, ಪ್ರೋಸೆಸ್ ಪಟ್ಟಿಗಳಿಗೂ ವಿಸ್ತರಿಸಿತು. ಲಿನಕ್ಸ್‌ನಲ್ಲಿ ಇದೇ ಕೆಲಸ ಒಂದೇ ಏಟಿಗೆ ಆಗಲಿಲ್ಲ. 2002ರಿಂದ ತುಂಡುತುಂಡಾಗಿ ಬಂತು, 2013ರವರೆಗೂ ಎಳೆಯಿತು. ಲಿನಕ್ಸ್ ಕರ್ನಲ್‌ನ ಒಳಗೆ ಇಂದಿಗೂ ಕಂಟೇನರ್ ಎಂಬ ಒಂದು ಇಡಿಯಾದ ವಸ್ತು ಇಲ್ಲ. ನೇಮ್‌ಸ್ಪೇಸ್ ಮತ್ತು ಸಿಗ್ರೂಪ್ ಎಂಬ ಎರಡು ಬೇರೆ ಬೇರೆ ಸೌಲಭ್ಯಗಳಿವೆ, ಜೊತೆಗೆ ಕೆಲವು ಭದ್ರತೆಯ ಕಟ್ಟಳೆಗಳಿವೆ. ಇವುಗಳನ್ನೆಲ್ಲ ಒಂದು ಪ್ರೋಸೆಸ್‌ಗೆ ಒಟ್ಟಿಗೆ ತೊಡಿಸಿದಾಗ ನಾವು ಅದನ್ನು ಕಂಟೇನರ್ ಎನ್ನುತ್ತೇವೆ.

ನೇಮ್‌ಸ್ಪೇಸ್ ತೀರ್ಮಾನಿಸುವುದು ಪ್ರೋಸೆಸ್‌ಗೆ ಏನು ಕಾಣಬೇಕು ಎಂಬುದನ್ನು. ಪಿಐಡಿ ನೇಮ್‌ಸ್ಪೇಸ್‌ನಲ್ಲಿ ಪ್ರೋಸೆಸ್‌ಗಳ ಎಣಿಕೆ ಹೊಸದಾಗಿ 1ರಿಂದ ಶುರು. ಮೌಂಟ್ ನೇಮ್‌ಸ್ಪೇಸ್‌ನಲ್ಲಿ ಬೇರೆಯೇ ಫೈಲ್ ವ್ಯವಸ್ಥೆ. ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ ತನ್ನದೇ ಐಪಿ ವಿಳಾಸ, ತನ್ನದೇ ಪೋರ್ಟ್‌ಗಳು. ಅದಕ್ಕಾಗಿಯೇ ಹತ್ತು ಕಂಟೇನರ್‌ಗಳು ಏಕಕಾಲಕ್ಕೆ 80ನೇ ಪೋರ್ಟ್ ಹಿಡಿದರೂ ಜಗಳವಿಲ್ಲ. ಯಂತ್ರದ ಹೆಸರಿಗೆ ಒಂದು, ಬಳಕೆದಾರರ ಸಂಖ್ಯೆಗಳಿಗೆ ಒಂದು, ಹೀಗೆ ಈಗ ಎಂಟು ಬಗೆಗಳಿವೆ. ಇವನ್ನು ಮುಟ್ಟಿ ನೋಡಲು ಡಾಕರ್ ಕೂಡ ಬೇಡ. ಲಿನಕ್ಸ್‌ನಲ್ಲಿ ಅನ್‌ಶೇರ್ ಎಂಬ ಆಜ್ಞೆ ಇದೆ. ಹೊಸ ಪಿಐಡಿ ನೇಮ್‌ಸ್ಪೇಸ್ ಬೇಕು, ಪ್ರೋಸೆಸ್‌ಗಳ ವಿವರವಿರುವ ಪ್ರೊಕ್ ಫೋಲ್ಡರನ್ನು ಹೊಸದಾಗಿ ಜೋಡಿಸು ಎಂದು ಅದಕ್ಕೆ ಹೇಳಿ ಒಂದು ಶೆಲ್ ತೆರೆದರೆ, ಆ ಶೆಲ್‌ಗೆ ತಾನು ಮತ್ತು ತನ್ನ ಮಕ್ಕಳ ಹೊರತು ಈ ಕಂಪ್ಯೂಟರಿನಲ್ಲಿ ಬೇರೆ ಯಾರೂ ಇಲ್ಲ. ಅರ್ಧ ಕಂಟೇನರ್ ಅಲ್ಲೇ ಸಿದ್ಧವಾಯಿತು. ಡಾಕರ್ ಕಲಿಸುವವರು ಮೊದಲ ತರಗತಿಯಲ್ಲೇ ಇದನ್ನು ಮಾಡಿ ತೋರಿಸಬೇಕೆಂಬುದು ನನ್ನ ಬಲವಾದ ಆಸೆ. ಎಷ್ಟೋ ವಿದ್ಯಾರ್ಥಿಗಳ ಭಯ ಅದೊಂದರಿಂದಲೇ ಹೋಗುತ್ತದೆ.

ಸಿಗ್ರೂಪ್ ತೀರ್ಮಾನಿಸುವುದು ಎಷ್ಟು ಸಿಗಬೇಕು ಎಂಬುದನ್ನು. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಇದರ ಕೆಲಸ ಶುರುಮಾಡಿದರು, 2008ರ ಜನವರಿಯಲ್ಲಿ ಬಂದ 2.6.24ನೇ ಲಿನಕ್ಸ್ ಕರ್ನಲ್‌ನಲ್ಲಿ ಅದು ಸೇರಿತು. ಪ್ರೋಸೆಸ್‌ಗಳ ಒಂದು ಗುಂಪಿಗೆ ಇಷ್ಟು ಮೆಮೊರಿ, ಇಷ್ಟು ಪ್ರೊಸೆಸರ್ ಸಮಯ, ಇಷ್ಟೇ ಪ್ರೋಸೆಸ್‌ಗಳು ಎಂದು ಮಿತಿ ಹಾಕಬಹುದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಡುರಾತ್ರಿ ಫೋನ್ ಬರುವ ತೊಂದರೆಗಳು ಬಹುಪಾಲು ಇಲ್ಲೇ ಹುಟ್ಟುತ್ತವೆ.

ಮೆಮೊರಿ ಮಿತಿ ಕಠೋರ. ಗುಂಪಿನ ಬಳಕೆ ಮಿತಿ ಮುಟ್ಟಿ, ಕರ್ನಲ್‌ಗೆ ಎಲ್ಲಿಂದಲೂ ಜಾಗ ಬಿಡಿಸಿಕೊಡಲು ಆಗದಿದ್ದಾಗ ಅದು ಗುಂಪಿನ ಒಂದು ಪ್ರೋಸೆಸನ್ನು ಕೊಲ್ಲುತ್ತದೆ. ಪ್ರೋಗ್ರಾಂಗೆ ಕೊನೆಯ ಮಾತು ಹೇಳುವ ಅವಕಾಶವೂ ಇಲ್ಲ. ಲಾಗ್ ಅರ್ಧಕ್ಕೆ ನಿಂತಿರುತ್ತದೆ, ಕಂಟೇನರ್‌ನ ನಿರ್ಗಮನ ಸಂಖ್ಯೆ 137 ಎಂದಿರುತ್ತದೆ. 128ಕ್ಕೆ 9ನೇ ಸಿಗ್ನಲ್ ಕೂಡಿದರೆ 137. 9 ಎಂದರೆ ತಪ್ಪಿಸಿಕೊಳ್ಳಲಾಗದ ಕೊಲೆ. ಈ ಸಂಖ್ಯೆ ಕಂಡಾಗ ಕೋಡ್‌ನಲ್ಲಿ ತಪ್ಪು ಹುಡುಕುವ ಮೊದಲು ಮೆಮೊರಿ ಮಿತಿಯನ್ನು ನೋಡಿ.

ಪ್ರೊಸೆಸರ್ ಮಿತಿ ಕೊಲ್ಲುವುದಿಲ್ಲ, ಕಾಯಿಸುತ್ತದೆ. ಅರ್ಧ ಸಿಪಿಯು ಎಂದು ಕೊಟ್ಟರೆ ಅದರ ಅರ್ಥ, ಪ್ರತಿ 100 ಮಿಲಿಸೆಕೆಂಡಿನಲ್ಲಿ 50 ಮಿಲಿಸೆಕೆಂಡಿನಷ್ಟು ಓಡಬಹುದು ಎಂದು. ನಿಮ್ಮ ಪ್ರೋಗ್ರಾಂ ನಾಲ್ಕು ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡಿದರೆ ಆ 50 ಮಿಲಿಸೆಕೆಂಡು ಹನ್ನೆರಡೂವರೆ ಮಿಲಿಸೆಕೆಂಡಿನಲ್ಲೇ ಖರ್ಚಾಗುತ್ತದೆ. ಉಳಿದ ಎಂಬತ್ತೇಳೂವರೆ ಮಿಲಿಸೆಕೆಂಡು ನಾಲ್ಕೂ ಥ್ರೆಡ್‌ಗಳು ಸುಮ್ಮನೆ ಕೂರುತ್ತವೆ. ಸರ್ವರ್‌ನ ಒಟ್ಟು ಬಳಕೆ ನೋಡಿದರೆ ಬಹುಪಾಲು ಖಾಲಿ, ಆದರೆ ಬಳಕೆದಾರರಿಗೆ ಪುಟ ಆಗಾಗ ತಡವರಿಸುತ್ತದೆ. ಸರಾಸರಿ ನೋಡುತ್ತ ಕೂತವರಿಗೆ ಇದು ಕಾಣುವುದೇ ಇಲ್ಲ. ಸಿಗ್ರೂಪ್ ಫೋಲ್ಡರ್‌ನಲ್ಲಿ ಎಷ್ಟು ಸಲ ತಡೆಯಲಾಯಿತು ಎಂಬ ಲೆಕ್ಕವಿರುತ್ತದೆ, ಅದನ್ನು ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಸಿಗ್ರೂಪ್ ಮಿತಿ ಹಾಕುತ್ತದೆ, ಆದರೆ ಆ ಮಿತಿಯನ್ನು ನೇಮ್‌ಸ್ಪೇಸ್‌ನಂತೆ ಪ್ರೋಸೆಸ್‌ನ ಕಣ್ಣಿಗೆ ಕಟ್ಟುವುದಿಲ್ಲ. 64 ಜಿಬಿ ಇರುವ ಸರ್ವರ್‌ನಲ್ಲಿ 1 ಜಿಬಿ ಮಿತಿಯ ಕಂಟೇನರ್ ಒಳಗೆ ನಿಂತು ಎಷ್ಟು ಮೆಮೊರಿ ಇದೆ ಎಂದು ಮಾಮೂಲಿ ಆಜ್ಞೆಯಿಂದ ಕೇಳಿದರೆ, 64 ಎಂಬ ಉತ್ತರವೇ ಬರುತ್ತದೆ. ಜಾವಾ ಇದರಿಂದ ಬಹಳ ಕಾಲ ಪೆಟ್ಟು ತಿಂದಿತು. ತಾನು ಓಡುವ ಯಂತ್ರದ ಮೆಮೊರಿಯ ಕಾಲು ಭಾಗವನ್ನು ತನ್ನ ಗರಿಷ್ಠ ಪಾಲೆಂದು ಲೆಕ್ಕ ಹಾಕುವುದು ಅದರ ರೂಢಿ. ಇಲ್ಲಿ ಅದು 16 ಜಿಬಿ ಎಂದು ನಂಬಿ ಆರಾಮಾಗಿ ಬೆಳೆಯುತ್ತ ಹೋಗುತ್ತಿತ್ತು, ಒಂದು ಜಿಬಿ ಮುಟ್ಟಿದ್ದೇ ಸಾಯುತ್ತಿತ್ತು. 2018ರಲ್ಲಿ ಬಂದ ಜಾವಾ 10 ಸಿಗ್ರೂಪ್ ಫೈಲನ್ನು ತಾನೇ ಓದಿಕೊಳ್ಳಲು ಕಲಿಯಿತು, ಅದೇ ವರ್ಷ ಜಾವಾ 8ರ 191ನೇ ಅಪ್‌ಡೇಟ್‌ಗೂ ಆ ಬುದ್ಧಿ ಬಂತು. ಹಳೆಯ ಜಾವಾ ಇನ್ನೂ ಓಡುತ್ತಿರುವ ಕಡೆ ಇದನ್ನು ಪರೀಕ್ಷಿಸುವುದು ಒಳ್ಳೆಯದು. ವಿಎಂನಲ್ಲಿ ಈ ಸಮಸ್ಯೆ ಏಳುವುದೇ ಇಲ್ಲ, ಏಕೆಂದರೆ ಒಳಗಿನ ಕರ್ನಲ್‌ಗೆ ನಿಜವಾಗಿಯೂ ಒಂದೇ ಜಿಬಿ ಗೊತ್ತು.

1ನೇ ಸಂಖ್ಯೆಯ ಪ್ರೋಸೆಸ್ ಆಗುವುದರಲ್ಲೂ ಒಂದು ಜವಾಬ್ದಾರಿ ಇದೆ. ಲಿನಕ್ಸ್‌ನಲ್ಲಿ ಆ ಸ್ಥಾನ ಇಡೀ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಂನದ್ದು. ಅದು ಆಕಸ್ಮಿಕವಾಗಿ ಸಾಯಬಾರದೆಂದು, ತಾನೇ ಕೇಳಿಕೊಳ್ಳದ ಸಿಗ್ನಲ್‌ಗಳಿಂದ ಕರ್ನಲ್ ಅದನ್ನು ಕಾಪಾಡುತ್ತದೆ. ನಿಮ್ಮ ವೆಬ್ ಪ್ರೋಗ್ರಾಂ ಆ ಸ್ಥಾನದಲ್ಲಿ ಕೂತು, ಮುಗಿಸು ಎಂಬ ಸಿಗ್ನಲ್‌ಗೆ ಏನು ಮಾಡಬೇಕೆಂದು ಹೇಳಿಕೊಂಡಿರದಿದ್ದರೆ ಡಾಕರ್ ಕೊಟ್ಟ ಸೂಚನೆ ಅದಕ್ಕೆ ತಟ್ಟುವುದಿಲ್ಲ. ಡಾಕರ್ 10 ಸೆಕೆಂಡು ಕಾದು ಕೊಲ್ಲುತ್ತದೆ. ಕಂಟೇನರ್ ನಿಲ್ಲಿಸುವಾಗೆಲ್ಲ ಸರಿಯಾಗಿ ಹತ್ತು ಸೆಕೆಂಡು ಹಿಡಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ನಡುವೆ ಅರ್ಧವಾದ ಕೋರಿಕೆಗಳೂ ಕಡಿದು ಬೀಳುತ್ತವೆ.

ಡಾಕರ್ ತಂದದ್ದು ಏನು

ನೇಮ್‌ಸ್ಪೇಸ್, ಸಿಗ್ರೂಪ್‌ಗಳನ್ನು ಜೋಡಿಸಿಕೊಡುವ ಎಲ್‌ಎಕ್ಸ್‌ಸಿ 2008ರಲ್ಲೇ ಇತ್ತು. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಎಂಬ ಪುಟ್ಟ ಕಂಪನಿಯ ಸಾಲೊಮನ್ ಹೈಕ್ಸ್ ಡಾಕರ್ ತೋರಿಸಿದಾಗ, ಆರಂಭದಲ್ಲಿ ಅದೂ ಎಲ್‌ಎಕ್ಸ್‌ಸಿಯನ್ನೇ ಬಳಸುತ್ತಿತ್ತು. ಹಾಗಿದ್ದರೂ ಜಗತ್ತು ಬದಲಾದದ್ದು ಡಾಕರ್‌ನಿಂದ. ಅದಕ್ಕೆ ಕಾರಣ ಇಮೇಜ್. ಒಂದು ಪ್ರೋಗ್ರಾಂ ಓಡಲು ಬೇಕಾದ ಫೈಲುಗಳನ್ನೆಲ್ಲ ಕಟ್ಟಿ, ಹೆಸರಿಟ್ಟು, ಬೇರೆ ಯಂತ್ರಕ್ಕೆ ಕಳಿಸುವ ಸರಳ ದಾರಿ ಸಿಕ್ಕಿತು. ನನ್ನ ಯಂತ್ರದಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಓಡುವುದಿಲ್ಲ ಎಂಬ ನಿತ್ಯದ ಜಗಳಕ್ಕೆ ಸಿಕ್ಕ ಮದ್ದು ಪ್ರತ್ಯೇಕತೆಗಿಂತ ಈ ಕಟ್ಟು.

ಇಮೇಜ್ ಎಂದರೆ ಒಂದರ ಮೇಲೊಂದು ಕೂತ ಪದರಗಳು. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲಿ ಫೈಲುಗಳನ್ನು ಬದಲಿಸುವ ಪ್ರತಿ ಸಾಲೂ ಒಂದು ಪದರ ಹುಟ್ಟಿಸುತ್ತದೆ. ಪ್ರತಿ ಪದರಕ್ಕೂ ಅದರ ಒಳಗಿನ ವಸ್ತುವಿನಿಂದಲೇ ಲೆಕ್ಕಹಾಕಿದ ಗುರುತು ಇರುತ್ತದೆ. ಹೀಗಾಗಿ ಒಂದೇ ಉಬುಂಟು ಪದರವನ್ನು ಇಪ್ಪತ್ತು ಇಮೇಜ್‌ಗಳು ಹಂಚಿಕೊಂಡರೂ ಡಿಸ್ಕ್‌ನಲ್ಲಿ ಅದು ಇರುವುದು ಒಂದೇ ಸಲ. ಕಂಟೇನರ್ ಶುರುವಾದಾಗ ಈ ಓದಲಷ್ಟೇ ಆಗುವ ಪದರಗಳ ಮೇಲೆ ಬರೆಯಲು ಆಗುವ ತೆಳುವಾದ ಒಂದು ಪದರ ಸೇರುತ್ತದೆ. ಕೆಳಗಿನ ಫೈಲನ್ನು ಬದಲಿಸಹೊರಟರೆ ಅದರ ಪ್ರತಿ ಮೇಲಕ್ಕೆ ಬಂದು ಅಲ್ಲಿ ಬದಲಾಗುತ್ತದೆ. ಅಳಿಸಿದರೆ, ಅಳಿಸಲಾಗಿದೆ ಎಂಬ ಗುರುತು ಮಾತ್ರ ಮೇಲೆ ಬೀಳುತ್ತದೆ.

ಇದರಿಂದ ಮೂರು ಸಂಗತಿ ತಿಳಿದಿರಬೇಕು. ಕಂಟೇನರನ್ನು ತೆಗೆದುಹಾಕಿದರೆ ಮೇಲಿನ ಪದರವೂ ಹೋಗುತ್ತದೆ; ಉಳಿಯಬೇಕಾದ ಡೇಟಾ ಹೊರಗಿನ ವಾಲ್ಯೂಮ್‌ನಲ್ಲಿರಬೇಕು. ಡಾಕರ್‌ಫೈಲ್‌ನಲ್ಲಿ ಅಪರೂಪಕ್ಕೆ ಬದಲಾಗುವ ಲೈಬ್ರರಿಗಳ ಸಾಲು ಮೊದಲು, ದಿನವೂ ಬದಲಾಗುವ ನಿಮ್ಮ ಕೋಡ್ ಕೊನೆಗೆ ಬಂದರೆ, ಬದಲಾಗದ ಪದರಗಳು ಮರುಬಳಕೆಯಾಗಿ ಕಟ್ಟುವ ಕೆಲಸ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಾಸ್‌ವರ್ಡ್ ಇರುವ ಫೈಲನ್ನು ಒಂದು ಸಾಲಿನಲ್ಲಿ ಸೇರಿಸಿ ಮುಂದಿನ ಸಾಲಿನಲ್ಲಿ ಅಳಿಸಿದರೆ ಅದು ಅಳಿದಿರುವುದಿಲ್ಲ. ಕೆಳಗಿನ ಪದರದಲ್ಲಿ ಹಾಗೇ ಇರುತ್ತದೆ, ಇಮೇಜ್ ಪಡೆದ ಯಾರು ಬೇಕಾದರೂ ಬಿಚ್ಚಿ ಓದಬಹುದು. ಸಾರ್ವಜನಿಕ ರೆಜಿಸ್ಟ್ರಿಗೆ ಇಮೇಜ್ ಏರಿಸುವ ಪ್ರತಿಯೊಬ್ಬರೂ ದಯವಿಟ್ಟು ಇದನ್ನು ನೆನಪಿಡಿ.

ಒಂದೇ ಬಾವಿ

ಬೇಲಿಗಳು ಎಷ್ಟೇ ಇದ್ದರೂ ಒಂದು ಸರ್ವರ್‌ನ ಕಂಟೇನರ್‌ಗಳೆಲ್ಲ ವಠಾರದ ಮನೆಗಳಂತೆ ಒಂದೇ ಬಾವಿಯ ನೀರು ಸೇದುತ್ತವೆ. ಆ ಬಾವಿ ಕರ್ನಲ್. ಲಿನಕ್ಸ್‌ನಲ್ಲಿ 300ಕ್ಕೂ ಹೆಚ್ಚು ಸಿಸ್ಟಮ್ ಕಾಲ್‌ಗಳಿವೆ. ಅವುಗಳಲ್ಲಿ ಒಂದರ ಹಿಂದಿನ ಕೋಡ್‌ನಲ್ಲಿ ತಪ್ಪಿದ್ದರೂ ಒಂದು ಕಂಟೇನರ್‌ನಲ್ಲಿ ಕೂತವನು ಕರ್ನಲನ್ನೇ ವಶಮಾಡಿಕೊಳ್ಳುವ ಸಾಧ್ಯತೆ ಇದೆ, ಆಮೇಲೆ ನೇಮ್‌ಸ್ಪೇಸ್‌ಗಳಿಗೆ ಅರ್ಥವಿಲ್ಲ. 2016ರಲ್ಲಿ ಬಯಲಾದ ಡರ್ಟಿ ಕೌ ಇಂಥ ತಪ್ಪು. 2019ರಲ್ಲಿ ಸಿಕ್ಕ ಇನ್ನೊಂದು ತಪ್ಪು ಕರ್ನಲ್‌ನದ್ದಲ್ಲ, ಕಂಟೇನರ್ ಹುಟ್ಟಿಸುವ ರನ್‌ಸಿ ಎಂಬ ಪ್ರೋಗ್ರಾಂನದ್ದು. ಒಳಗಿನಿಂದಲೇ ಹೊರಗಿನ ರನ್‌ಸಿ ಫೈಲನ್ನು ತಿದ್ದಿ ಬರೆಯಲು ಅದು ಎಡೆಮಾಡಿತ್ತು. ಇಂಥ ಅಪಾಯ ತಗ್ಗಿಸಲೆಂದೇ ಡಾಕರ್ ಸುಮಾರು 44 ಸಿಸ್ಟಮ್ ಕಾಲ್‌ಗಳನ್ನು ಮೊದಲಿಂದಲೇ ಮುಚ್ಚಿಡುತ್ತದೆ, ರೂಟ್ ಬಳಕೆದಾರನ ಅಧಿಕಾರಗಳಲ್ಲೂ ಹಲವನ್ನು ಕಿತ್ತುಕೊಳ್ಳುತ್ತದೆ. ಪ್ರಿವಿಲೇಜ್ಡ್ ಎಂಬ ಆಯ್ಕೆ ಕೊಟ್ಟು ಕಂಟೇನರ್ ಓಡಿಸಿದರೆ ಈ ರಕ್ಷಣೆಗಳನ್ನೆಲ್ಲ ನೀವೇ ಕಳಚಿಟ್ಟಂತೆ. ಡಾಕರ್‌ಗೆ ಆಜ್ಞೆ ಕೊಡಲು ಬಳಸುವ ಸಾಕೆಟ್ ಫೈಲನ್ನು ಕಂಟೇನರ್ ಒಳಗೆ ಕೊಟ್ಟರೆ ಇಡೀ ಸರ್ವರ್‌ನ ಕೀಲಿಯನ್ನೇ ಕೊಟ್ಟಂತೆ. ಬಳಕೆದಾರರ ನೇಮ್‌ಸ್ಪೇಸ್ ಬಳಸದಿದ್ದರೆ ಒಳಗಿನ ರೂಟ್ ಹೊರಗೂ ರೂಟ್ ಎಂಬುದನ್ನು ಮರೆಯಬಾರದು. ಇಮೇಜ್ ಕಟ್ಟುವಾಗಲೇ ಸಾಮಾನ್ಯ ಬಳಕೆದಾರನನ್ನು ನೇಮಿಸಿ.

ವಿಎಂನಲ್ಲಿ ಒಳಗಿನ ಕರ್ನಲ್ ಸೋತರೂ ಮುಂದೆ ಹೈಪರ್‌ವೈಸರ್ ಇದೆ, ದಾಟಬೇಕಾದ ಬಾಗಿಲು ಕಿರಿದು. ಅದೂ ಅಭೇದ್ಯವೇನಲ್ಲ. 2015ರಲ್ಲಿ ಬಯಲಾದ ವೆನಮ್ ಎಂಬ ದೋಷ ಇದ್ದದ್ದು ಕೆಮುವಿನ ಫ್ಲಾಪಿ ಡಿಸ್ಕ್ ಕೋಡ್‌ನಲ್ಲಿ! ಫ್ಲಾಪಿ ಬೇಡವೆಂದ ವಿಎಂಗಳಲ್ಲೂ ಆ ಕೋಡ್ ಕೂತಿತ್ತು. ಹಳೆಯ ಯಂತ್ರದ ವೇಷವನ್ನು ಪೂರ್ತಿಯಾಗಿ ಹಾಕುವುದಕ್ಕೆ ತೆರಬೇಕಾದ ಬೆಲೆ ಇದು.

ಆ ವೇಷವನ್ನೇ ಕಡಿಮೆ ಮಾಡಿದರೆ? ಅಮೆಜಾನ್ 2018ರಲ್ಲಿ ಹೊರತಂದ ಫೈರ್‌ಕ್ರ್ಯಾಕರ್ ಹಾಗೆ ಹುಟ್ಟಿದ್ದು. ಫ್ಲಾಪಿ ಇಲ್ಲ, ಗ್ರಾಫಿಕ್ಸ್ ಇಲ್ಲ, ಯುಎಸ್‌ಬಿ ಇಲ್ಲ. ಡಿಸ್ಕ್, ನೆಟ್‌ವರ್ಕ್ ಮತ್ತು ಇನ್ನೊಂದೆರಡು ಸಾಧನ ಮಾತ್ರ. ಅಂಥ ಕಿರು ವಿಎಂ 125 ಮಿಲಿಸೆಕೆಂಡಿನಷ್ಟರಲ್ಲಿ ಒಳಗಿನ ಪ್ರೋಗ್ರಾಂ ಓಡಿಸುವ ಹಂತ ಮುಟ್ಟುತ್ತದೆ, ಅದರ ಹೊರೆ 5 ಎಂಬಿಗಿಂತ ಕಡಿಮೆ ಮೆಮೊರಿ. ಅಮೆಜಾನ್‌ನ ಲ್ಯಾಂಬ್ಡಾ ಸೇವೆಯಲ್ಲಿ ಒಬ್ಬ ಗ್ರಾಹಕನ ಕೋಡ್ ಇನ್ನೊಬ್ಬನಿಂದ ಬೇರೆಯಾಗಿರುವುದು ಇದರಿಂದಲೇ. ಕಾಟಾ ಕಂಟೇನರ್ಸ್ ಎಂಬ ಯೋಜನೆ ಪ್ರತಿ ಕಂಟೇನರನ್ನೂ ಇಂಥ ಸಣ್ಣ ವಿಎಂನಲ್ಲಿ ಸುತ್ತುತ್ತದೆ. ಗೂಗಲ್‌ನ ಜಿವೈಸರ್ ಇನ್ನೊಂದು ಕಡೆಯಿಂದ ಬಂದು, ಸಿಸ್ಟಮ್ ಕಾಲ್‌ಗಳನ್ನು ನಡುವೆಯೇ ಹಿಡಿದು ತಾನೇ ಕರ್ನಲ್‌ನ ಪಾತ್ರ ವಹಿಸುತ್ತದೆ. ಇವುಗಳಿಂದಾಗಿ ಎರಡರ ನಡುವಿನ ಗೆರೆ ಮಸುಕಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಸಲವೂ ಕರ್ನಲ್ ಯಾರದ್ದೆಂದು ಕೇಳಿದರೆ ಖಚಿತವಾದ ಉತ್ತರ ಸಿಗುತ್ತದೆ.

ಆಯ್ಕೆಯ ಮಾತು

ಬಹುಪಾಲು ಜಾಗಗಳಲ್ಲಿ ಎರಡೂ ಒಂದರೊಳಗೊಂದು ಇರುತ್ತವೆ. ಕ್ಲೌಡ್‌ನಲ್ಲಿ ನೀವು ಬಾಡಿಗೆಗೆ ಪಡೆಯುವ ಸರ್ವರ್ ಸಾಮಾನ್ಯವಾಗಿ ವಿಎಂ, ಅದರ ಮೇಲೆ ಕುಬರ್ನೆಟಿಸ್ ಎಂಬ ವ್ಯವಸ್ಥೆ ನಿಮ್ಮ ಕಂಟೇನರ್‌ಗಳನ್ನು ಹಂಚುತ್ತದೆ. ಮ್ಯಾಕ್ ಅಥವಾ ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿದಾಗ ಅದು ಕಾಣದಂತೆ ಒಂದು ಲಿನಕ್ಸ್ ವಿಎಂ ಎಬ್ಬಿಸಿ ಅದರೊಳಗೆ ಕಂಟೇನರ್ ಓಡಿಸುತ್ತದೆ, ಏಕೆಂದರೆ ಲಿನಕ್ಸ್ ಕಂಟೇನರ್‌ಗೆ ಲಿನಕ್ಸ್ ಕರ್ನಲ್ ಬೇಕೇಬೇಕು. ಮ್ಯಾಕ್‌ನಲ್ಲಿ ಕೋಡ್ ಫೋಲ್ಡರನ್ನು ಕಂಟೇನರ್‌ಗೆ ಹಂಚಿದಾಗ ಸಾವಿರಾರು ಸಣ್ಣ ಫೈಲುಗಳ ಪ್ರಾಜೆಕ್ಟ್ ತೆವಳುವುದು ಇದೇ ಕಾರಣಕ್ಕೆ. ಪ್ರತಿ ಫೈಲೂ ವಿಎಂನ ಗಡಿ ದಾಟಿ ಬರಬೇಕು.

ಪರಿಚಯವಿಲ್ಲದವರ ಕೋಡ್ ಓಡಿಸಬೇಕೇ? ವಿಎಂ, ಅಥವಾ ಫೈರ್‌ಕ್ರ್ಯಾಕರ್‌ನಂಥದ್ದು. ಇದರಲ್ಲಿ ನನಗೆ ಚೌಕಾಸಿ ಇಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳಿಗೆ ರೂಟ್ ಅಧಿಕಾರ ಕೊಟ್ಟು ಆಪರೇಟಿಂಗ್ ಸಿಸ್ಟಮ್ ಕಲಿಸುವುದಾದರೂ ವಿಎಂ ಸರಿ, ಕೆಡಿಸಿಕೊಂಡರೆ ಹಳೆಯ ಸ್ನ್ಯಾಪ್‌ಶಾಟ್‌ಗೆ ಮರಳಬಹುದು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಸರ್ವರ್‌ನಲ್ಲಿ, ಹಳೆಯ ಕರ್ನಲ್ ಬೇಡುವ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ, ಕರ್ನಲ್ ಮಾಡ್ಯೂಲ್ ಪರೀಕ್ಷೆಯನ್ನು ಎಲ್ಲೇ ಮಾಡುವುದಾದರೂ ವಿಎಂ. ನಿಮ್ಮದೇ ತಂಡ ಬರೆದ ವೆಬ್ ಸೇವೆಗಳು, ಪರೀಕ್ಷೆಗೆ ಹುಟ್ಟಿ ನಿಮಿಷದಲ್ಲಿ ಸಾಯುವ ಡೇಟಾಬೇಸ್‌ಗಳು, ರಾತ್ರಿ ಒಮ್ಮೆ ಓಡುವ ಲೆಕ್ಕದ ಕೆಲಸಗಳು ಕಂಟೇನರ್‌ನಲ್ಲಿ ಚೆನ್ನ. ನಿಜವಾದ ಗ್ರಾಹಕರ ಡೇಟಾ ಇರುವ ಡೇಟಾಬೇಸನ್ನು ಕಂಟೇನರ್‌ನಲ್ಲಿ ಓಡಿಸಬಹುದು. ಆದರೆ ಸಣ್ಣ ತಂಡವಾಗಿದ್ದರೆ, ವಾಲ್ಯೂಮ್ ಮತ್ತು ಬ್ಯಾಕಪ್‌ಗಳ ಮೇಲೆ ಹಿಡಿತ ಬರುವವರೆಗೆ ಅದನ್ನು ವಿಎಂನಲ್ಲೇ ಬಿಡಿ ಎಂದು ಹೇಳುತ್ತೇನೆ.

ಕಂಟೇನರ್ ಎಲ್ಲಿ ಬೇಕಾದರೂ ಓಡುತ್ತದೆ ಎಂಬ ಮಾತಿಗೂ ಒಂದು ಗಡಿ ಇದೆ. ಇಮೇಜ್‌ನಲ್ಲಿರುವುದು ಒಂದು ಜಾತಿಯ ಪ್ರೊಸೆಸರ್‌ಗೆಂದು ತಯಾರಾದ ಯಂತ್ರಭಾಷೆ. ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಮಾಮೂಲಾಗಿ ಕಟ್ಟಿದ ಇಮೇಜ್ ಆರ್ಮ್ ಪ್ರೊಸೆಸರ್‌ನದ್ದು. ಅದನ್ನು ಇಂಟೆಲ್ ಸರ್ವರ್‌ಗೆ ಕಳಿಸಿದರೆ ಫೈಲಿನ ರೂಪ ತಪ್ಪು ಎಂಬ ಒಂದೇ ಸಾಲು ಹೇಳಿ ಸಾಯುತ್ತದೆ, ಪ್ರೋಗ್ರಾಂನ ಮೊದಲ ಆದೇಶವೂ ಓಡಿರುವುದಿಲ್ಲ. ಡಾಕರ್‌ನ ಬಿಲ್ಡ್‌ಎಕ್ಸ್ ಬಳಸಿ ಎರಡೂ ಬಗೆಗೆ ಕಟ್ಟಿ ಒಂದೇ ಹೆಸರಿನಡಿ ರೆಜಿಸ್ಟ್ರಿಗೆ ಏರಿಸಿದರೆ, ಇಳಿಸಿಕೊಳ್ಳುವ ಯಂತ್ರ ತನಗೆ ಹೊಂದುವುದನ್ನು ತಾನೇ ಆರಿಸಿಕೊಳ್ಳುತ್ತದೆ. ತಂಡದಲ್ಲಿ ಅರ್ಧ ಜನ ಮ್ಯಾಕ್ ಬಳಸುತ್ತಿದ್ದರೆ ಈ ವ್ಯವಸ್ಥೆಯನ್ನು ಮೊದಲ ವಾರದಲ್ಲೇ ಮಾಡಿಟ್ಟುಕೊಳ್ಳಿ.